ಕಡಲ ಪಕ್ಕದ ಕುಳಿ

ಲೋಗನಾಥನ್ ಕಡಲನ್ನು ಕಂಡವನಲ್ಲ. ತನ್ನೂರು ನೆಗಮಂನಲ್ಲಿ ಬಸ್ಸು ಹತ್ತಿದರೆ ಪೊಳ್ಳಾಚಿ, ಹೆಚ್ಚೆಂದರೆ ಕೊಯಮತ್ತೂರು. ಅಲ್ಲಿಗೆ ಅವನ ಲೋಕಸಂಚಾರ ಮುಗಿಯಿತು. ಆದರೂ ಮಗ್ಗಕ್ಕೆ ಕೂತು ಲಾಳಿ ಎಸೆಯತೊಡಗಿದನೆಂದರೆ ಅವನ ಬಾಯಲ್ಲಿ ಅಲೆ ಏಳುತ್ತಿತ್ತು, ಹಡಗು ಒಡೆಯುತ್ತಿತ್ತು, ಇಬ್ಬರು ಹೆಣ್ಣುಮಕ್ಕಳು ಹಲಗೆ ತಬ್ಬಿಕೊಂಡು ಯಾರೂ ಇಲ್ಲದ ದ್ವೀಪಕ್ಕೆ ಬಂದು ಬೀಳುತ್ತಿದ್ದರು. ಮನೆಮಾತು ಕನ್ನಡವಾದರೂ ದ್ವೀಪಕ್ಕೆ ಅವನು ತಮಿಳರ ಹಾಗೆ ತೀವು ಎನ್ನುತ್ತಿದ್ದ. ಆ ಮಕ್ಕಳ ಹೆಸರು ಜನನಿ, ಕಾರ್ತಿಕಾ. ಎದುರು ಕೂತು ಕತೆ ಕೇಳುತ್ತಿದ್ದ ಅವನ ಸ್ವಂತ ಮಕ್ಕಳ ಹೆಸರೂ ಅವೇ. ಬೇರೆ ಹೆಸರು ಹುಡುಕುವುದಕ್ಕೂ ಈ ಮನುಷ್ಯನಿಗೆ ಸೋಮಾರಿತನ ಎಂದು ಹೆಂಡತಿ ರಾಜಾಮಣಿ ಅಡುಗೆಮನೆಯಿಂದಲೇ ಗೇಲಿ ಮಾಡುತ್ತಿದ್ದಳು.

ಅವನದು ಕುಳಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು, ತುಳಿಯುತ್ತ ನೇಯಬೇಕು. ಅವನ ಅಪ್ಪ, ತಾತ ಎಲ್ಲ ಅದೇ ಕುಳಿಯಲ್ಲಿ ಕೂತವರು. ಕುಳಿಯಿಲ್ಲದೆ ನೇಯಬಹುದೆಂಬುದು ಅವನ ತಲೆಗೇ ಹೊಳೆಯದ ಸಂಗತಿ. ಹಾಗಾಗಿ ಕತೆಯ ಮಕ್ಕಳು ಮುರಿದ ಹಲಗೆ ಸೇರಿಸಿ ತೆಪ್ಪ ಕಟ್ಟಿದಾಗ, ಹಾಯಿಬಟ್ಟೆ ನೇಯಲೆಂದು ಕಡಲ ದಡದ ಮರಳಿನಲ್ಲೇ ಅವರಿಂದ ಕುಳಿ ತೋಡಿಸಿಬಿಟ್ಟ.

ಕಾರ್ತಿಕಾ ಚಿಕ್ಕವಳು, ಆದರೆ ಸುಮ್ಮನೆ ಬಿಡುವ ಪೈಕಿ ಅಲ್ಲ. "ಅಪ್ಪಾ, ಐಪ್ಪಸಿ ತಿಂಗಳ ಮಳೆಗೆ ನಮ್ಮ ಕುಳಿಗೇ ನೀರು ಬರ್ತದೆ. ಕಡಲ್ ಪಕ್ಕ ಬರಾದಿಲ್ವಾ?"

ಅಕ್ಕ ಜನನಿ ಬಿದ್ದು ಬಿದ್ದು ನಕ್ಕಳು. ಲೋಗನಾಥನ್ ಪೆಚ್ಚಾದ. "ಅದಾ... ನಾಳೆ ಹೇಳ್ತೀನಿ ಕಣ್ಣು," ಎಂದು ಮುದ್ದುಗರೆದು ಲಾಳಿ ಕೆಳಗಿಟ್ಟ.

ಮಾರನೆಯ ದಿನ ಕಾರ್ತಿಕಾಳ ಮೈ ಕೆಂಡದಂತೆ ಸುಡುತ್ತಿತ್ತು. ಪೊಳ್ಳಾಚಿಗೆ ಒಯ್ದರು, ಅಲ್ಲಿಂದ ಕೊಯಮತ್ತೂರಿಗೆ. ಡೆಂಗಿ ಎಂದರು. ಮಗು ಮನೆಗೆ ಮರಳಿದ್ದು ಬಿಳಿ ಬಟ್ಟೆಯೊಳಗೆ.

ಆಮೇಲೆ ಬೀದಿಗೆ ಸೊಳ್ಳೆ ಹೊಗೆ ಹಾಕುವವರು ಬಂದರು. ಒಬ್ಬ ಮನೆಯೊಳಗೂ ಬಂದು ಕುಳಿಗೆ ಟಾರ್ಚು ಬಿಟ್ಟ. ತಳದಲ್ಲಿ ಒಸರಿದ ಮಳೆನೀರು ನಿಂತಿತ್ತು. ಸೊಳ್ಳೆ ಮೊಟ್ಟೆಯಿಡುವುದು ಇಂಥಲ್ಲೇ ಎಂದು ತಮಿಳಿನಲ್ಲಿ ಹೇಳಿ, ಔಷಧಿ ಸುರಿದು ಹೋದ. ಅವನ ಕೆಲಸ ಅವನು ಮಾಡಿದ. ಆ ಮಾತು ಮಾತ್ರ ಲೋಗನಾಥನ್ ಎದೆಯಲ್ಲಿ ಮುಳ್ಳಾಗಿ ಕೂತಿತು. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಕುಳಿಯ ನೀರು ಮೊಗೆದು ಚೆಲ್ಲುವವನು, ಈ ಸಲ ಯಾರದೋ ಮದುವೆ ಸೀರೆಯ ಅವಸರದಲ್ಲಿ ಕಾಲು ನೆನೆಸಿಕೊಂಡೇ ನೇಯ್ದಿದ್ದ. ಊರಲ್ಲಿ ಎಲ್ಲೆಲ್ಲೂ ನೀರು ನಿಂತಿತ್ತು, ಯಾವ ಸೊಳ್ಳೆ ಎಲ್ಲಿ ಹುಟ್ಟಿತೋ ಯಾರು ಕಂಡರು ಎಂದು ರಾಜಾಮಣಿ ಎಷ್ಟು ಹೇಳಿದರೂ ಅವನ ಕಿವಿಗೆ ಹೋಗಲಿಲ್ಲ. ಕುಳಿಗೆ ಹಲಗೆ ಮುಚ್ಚಿದ. ಅರ್ಧ ನೇಯ್ದ ಸೀರೆಯನ್ನು ಮಗ್ಗದ ಮೇಲೇ ಬಿಟ್ಟು ತಿರುಪ್ಪೂರಿನ ಬನಿಯನ್ ಕಂಪನಿ ಸೇರಿದ. ಭಾನುವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ.

ಬಂದಾಗಲೆಲ್ಲ ಜನನಿಯದು ಒಂದೇ ಹಟ: ಕತೆ ಹೇಳು. ಅವನು ಮುಖ ತಿರುಗಿಸಿ ಮಲಗುತ್ತಿದ್ದ. ಒಂದು ಭಾನುವಾರ ಮಧ್ಯಾಹ್ನ ಸಿಡುಕಿಯೇ ಬಿಟ್ಟ.

"ಅವಳೇ ಹೋದ್ಮೇಲೆ ಇನ್ಯಾವ ಕತೆ? ಮುಗೀತು, ಬಿಡು!"

ಜನನಿ ಅವನ ತೋಳು ಜಗ್ಗಿದಳು. "ಮುಗ್ದಿಲ್ಲ ಅಪ್ಪಾ. ನಾನು ಮಾತ್ರ ಮನೇಗೆ ಬಂದ್ಬಿಟ್ಟೆ. ಅವ್ಳು ಒಬ್ಬಳೇ ಆ ತೀವಲ್ಲಿ ಕೂತವ್ಳೆ. ಕತ್ಲೆ ಅಂದ್ರೆ ಅವಳಿಗೆ ಬಯ."

ಲೋಗನಾಥನ್ ಅವಳ ಕಡೆ ತಿರುಗಿದ. ತನ್ನ ದುಃಖದಲ್ಲಿ ಮುಳುಗಿದ್ದವನಿಗೆ, ಇಷ್ಟು ದಿನ ಈ ಮಗು ತಂಗಿಯನ್ನು ದಡದಲ್ಲಿ ಒಂಟಿಯಾಗಿ ಕೂರಿಸಿಕೊಂಡು ಸಂಕಟಪಡುತ್ತಿದೆ ಎಂದು ತಿಳಿದೇ ಇರಲಿಲ್ಲ. ಎದ್ದು ಕೂತು ಬಾಯಿ ತೆರೆದ. ಮಾತು ಹೊರಡಲಿಲ್ಲ. ಕಾಲು ತುಳಿಯದೆ, ಲಾಳಿ ಓಡದೆ ಅವನು ಈ ಕತೆಯನ್ನು ಒಮ್ಮೆಯೂ ಹೇಳಿದವನಲ್ಲ.

ಕುಳಿ ಮುಚ್ಚಿದ ಹಲಗೆಗಳ ಕಡೆ ನೋಡಿದ. ಎದ್ದು ಒಂದೊಂದಾಗಿ ಎಳೆದು ಹಾಕಿದ. ಕುಳಿ ಒಣಗಿತ್ತು. ಕಾಲು ಇಳಿಬಿಟ್ಟು ಕೂತ. ಜನನಿ ಅಂಚಿನಲ್ಲಿ ತನ್ನ ಜಾಗದಲ್ಲಿ ಕೂತಳು. ಪಕ್ಕದ ಜಾಗ ಖಾಲಿ ಬಿಟ್ಟಳು.

ಧೂಳು ಕೊಡವಿ ಲಾಳಿ ಎಸೆದ.

"ಚಿಕ್ಕ ಪಾಪು ಹೇಳಿದ್ದೇ ಸರಿ," ಎಂದ. "ಕುಳಿ ತುಂಬ ನೀರು ಬಂತು. ಅಪ್ಪನಿಗೆ ಗೊತ್ತಾಗ್ಲಿಲ್ಲ ಕಣ್ಣು. ಗೊತ್ತಾಗ್ಲೇ ಇಲ್ಲ." ಕಣ್ಣೀರು ಸೀರೆಯ ಅಂಚಿನ ಮೇಲೆ ಬಿತ್ತು. ಒರೆಸಲಿಲ್ಲ.

"ಆಮ್ಯಾಲೆ?"

"ಆಮ್ಯಾಲೆ ಅವಳೇ ಹೇಳ್ದಳು, ಅಕ್ಕಾ, ಕುಳಿ ಬ್ಯಾಡ, ಎರಡು ತೆಂಗಿನಮರಕ್ಕೆ ನೂಲು ಕಟ್ಟಿ ನಿಂತ್ಕೊಂಡು ನೇಯಾಣ ಅಂತ. ನೇಯ್ದರು. ಕೆಂಪಂಚಿನ ಹಾಯಿ. ಅಕ್ಕ ಮೊದಲು ತಂಗಿಯ ಕೈ ಹಿಡಿದು ತೆಪ್ಪ ಹತ್ತಿಸಿದ್ಳು, ಆಮ್ಯಾಲೆ ತಾನು ಹತ್ತಿದ್ಳು."

ಜನನಿ ಉಸಿರು ಬಿಟ್ಟಳು. ಕತೆ ಮೊದಲಿನಂತೆ ಓಡಿತು: ಪಾಲ್ಗಾಟು ಕಣಿವೆಯಿಂದ ನಮ್ಮೂರಿಗೆ ಬೀಸುವ ಗಾಳಿಯಂಥ ಗಾಳಿ, ತೆಪ್ಪದ ಜೊತೆ ಈಜುವ ಮೀನು, ತಂಗಿಯ ತರಲೆ ಪ್ರಶ್ನೆಗಳು. ಹೇಳುತ್ತ ಹೇಳುತ್ತ ಲೋಗನಾಥನ್ ಮೈಮರೆತ.

"ದೂರದಲ್ಲಿ ದಡ ಕಾಣಿಸ್ತು," ಎಂದ. ಎಂದವನೇ ಲಾಳಿ ನಿಲ್ಲಿಸಿದ.

ದಡಕ್ಕೆ ಬಂದರೆ ಮಕ್ಕಳು ಇಳಿಯಬೇಕು, ಬಸ್ಸು ಹತ್ತಬೇಕು, ಈ ಬಾಗಿಲಿಗೆ ಬರಬೇಕು. ಅವನು ಬಾಗಿಲ ಕಡೆ ನೋಡಿದ. ಅಡುಗೆಮನೆಯ ಹೊಸ್ತಿಲಲ್ಲಿ ರಾಜಾಮಣಿ ಯಾವಾಗಲೋ ಬಂದು ನಿಂತಿದ್ದಳು.

"ಪಾಪು ಇಳಿದ್ಳಾ?" ಎಂದು ಕೇಳಿದಳು.

ಲೋಗನಾಥನ್ ಲಾಳಿ ಕೆಳಗಿಟ್ಟ.

"ಅವ್ಳು ಇಳಿಯಾದಿಲ್ಲಮ್ಮಾ, ನಂಗೊತ್ತು," ಎಂದಳು ಜನನಿ. "ಅದಕ್ಕೇ, ದಡ ಇನ್ನೂ ದೂರ ಇರ್ಲಿ ಅಪ್ಪಾ. ತೆಪ್ಪದಲ್ಲಿ ನಾನು ಅವಳ ಪಕ್ಕ ಇದ್ದೀನಿ."

ರಾಜಾಮಣಿ ಬಂದು ಖಾಲಿ ಬಿಟ್ಟಿದ್ದ ಜಾಗದಲ್ಲಿ ಕೂತಳು, ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಲೋಗನಾಥನ್ ಲಾಳಿ ಎತ್ತಿದ.

"ಅದು ದಡ ಅಲ್ಲ," ಎಂದ. "ಬರೀ ಮೋಡ."