ಅಳಿಸಿದ ಬಾಣ

ಮೇಜಿನ ಮೇಲೆ ಮಗಳು ಕೆಂಪು ಸೀಮೆಸುಣ್ಣದಿಂದ ಎಳೆದಿದ್ದ ಬಾಣವನ್ನು ಅಪ್ಪ ಬೆಳಿಗ್ಗೆ ಕೆಲಸದ ಕೋಣೆಗೆ ಬಂದವನೇ ಅಂಗೈಯಲ್ಲಿ ಉಜ್ಜಿ ಅಳಿಸಿಬಿಟ್ಟ.

“ನಲವತ್ತು ವರ್ಷ ಮರಗೆಲಸ ಮಾಡಿದವನಿಗೆ ಅ ಆ ಇ ಈ ಕಲಿಸೋಕೆ ಬಂದ್ಯಾ?”

“ಅಲ್ಲಪ್ಪಾ, ರೂಟರ್ ಮೆಶಿನ್ ಈಗ ತಲೆಕೆಳಗಾಗಿದೆ. ನಿನ್ನ ಕೈ ಹಳೇ ದಾರೀಲೇ ಹೋಗತ್ತೆ.”

“ನನ್ನ ಕೈ ನನಗೆ ಗೊತ್ತು ಬಿಡೇ.”

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯನಿಗೆ ಬುದ್ಧಿ ಹೇಳುವವರು ಯಾರು? ರೂಟರನ್ನು ಕೈಯಲ್ಲಿ ಹಿಡಿದು ಮರದ ಅಂಚು ಕೊರೆಯುವಾಗ ಎಡದಿಂದ ಬಲಕ್ಕೆ ಓಡಿಸಬೇಕು. ಅವನ ತೋಳಿಗೆ ಅದು ಉಸಿರಾಡಿದಷ್ಟು ಸಲೀಸು. ಆದರೆ ಅದೇ ಯಂತ್ರವನ್ನು ಮೇಜಿನಡಿ ಬೋರಲಾಗಿ ಬಿಗಿದರೆ ಎಲ್ಲ ಉಲ್ಟಾ. ಮರವನ್ನು ಬಲದಿಂದ ಎಡಕ್ಕೆ ತಳ್ಳಬೇಕು, ಅವಳ ಬಾಣ ತೋರಿಸಿದ್ದೂ ಅದನ್ನೇ. ಎಡದಿಂದ ತಳ್ಳಿದರೆ ಯಂತ್ರದ ತುದಿಯಲ್ಲಿ ತಿರುಗುವ ಬಿಟ್ಟಿನ ಹಲ್ಲು ಮರವನ್ನು ಕಿತ್ತುಕೊಂಡು ಓಡುತ್ತದೆ, ಹಿಂದಿರುವ ಕೈಯನ್ನೂ ಎಳೆದುಕೊಂಡು.

ಆ ಹಿಂದಿನ ಕೈ ಅಂದರೆ ಅಪ್ಪನ ಎಡಗೈ. ಬಲಗೈಯ ಎರಡು ಬೆರಳು ಯಂತ್ರದ ಗರಗಸಕ್ಕೆ ಹೋಗಿ ಇಪ್ಪತ್ತೆರಡು ವರ್ಷವಾಯಿತು. ಅಂದಿನಿಂದ ಉಳಿ ಹಿಡಿದು ಕೆತ್ತುವುದೆಲ್ಲ ಎಡಗೈಯೇ. ಆಗ ಅವಳಿಗೆ ಏಳು ವರ್ಷ. ಬಾಗಿಲಲ್ಲಿ ನಿಂತು “ಅಪ್ಪಾ!” ಎಂದು ಕೂಗಿದ್ದಳು. ಅವನು ತಿರುಗಿದ. ಅಷ್ಟೇ.

ಅದಕ್ಕೇ ಅವಳು ಈ ಮೇಜಿಗೆ ವಾರವಿಡೀ ತಲೆ ಕೆಡಿಸಿಕೊಂಡಿದ್ದು. ಪ್ಲಗ್ ಕಿತ್ತಿಟ್ಟೇ ಬಿಟ್ ಹಾಕಿದ್ದಳು, ಅದು ಕೂರುವ ಕುಳಿಯ ತಳಕ್ಕೆ ತಾಗದಂತೆ ಒಂದಿಷ್ಟು ಮೇಲೆತ್ತಿ ನಟ್ಟು ಬಿಗಿದಿದ್ದಳು, ಮರ ತಳ್ಳಲು ಹಿಡಿಯಿರುವ ಕಟ್ಟಿಗೆ ಮಾಡಿಟ್ಟಿದ್ದಳು. ಮೇಜಿನಡಿ ಮೊಣಕಾಲು ತಾಗಿದರೆ ಯಂತ್ರ ನಿಲ್ಲುವಂತೆ ಒಂದು ಹಲಗೆಯನ್ನೂ ಜೋಡಿಸಿದ್ದಳು.

“ಮೊಣಕಾಲಿಗೂ ಸಂಬಳ ಕೊಡ್ತೀಯಾ?” ಎಂದು ಹಿಂದಿನ ದಿನ ಅಪ್ಪ ನಕ್ಕಿದ್ದ. ಆಮೇಲೆ, “ಆಯ್ತು, ನೀನು ತೋರಿಸೋವರೆಗೂ ಮುಟ್ಟಲ್ಲ,” ಎಂದಿದ್ದ.

ಆ ಮಾತು ನಂಬಿ ಅವಳು ಕೈಗೆ ಮೆತ್ತಿದ ಗೋಂದು ತೊಳೆಯಲು ಹಿತ್ತಲಿಗೆ ಹೋದಳು. ನಲ್ಲಿ ತಿರುಗಿಸಿದ್ದಳೋ ಇಲ್ಲವೋ, ಒಳಗೆ ರೂಟರ್ ಕಿರುಚಿತು.

ಒದ್ದೆ ಕೈಯಲ್ಲೇ ಓಡಿ ಬಂದಳು. ಅಪ್ಪ ಬೆನ್ನು ಹಾಕಿ ನಿಂತಿದ್ದ. ಕೈಯಲ್ಲಿ ಗೇಣುದ್ದದ ಡ್ರಾಯರ್ ಹಲಗೆ, ತಳ್ಳುವ ಕಟ್ಟಿಗೆ ಗೋಡೆಯ ಮೊಳೆಯಲ್ಲೇ ನೇತಾಡುತ್ತಿದೆ, ಮಹಾರಾಯ ಎಡದಿಂದ ತಳ್ಳುತ್ತಿದ್ದಾನೆ!

ಹಲಗೆ ಆಗಲೇ ದಡದಡ ಕುಣಿಯುತ್ತಿತ್ತು. ಅವನ ಭುಜ ಬಿಗಿಯಿತು. ಬಿಟ್ಟರೆ ಹಲಗೆ ಹಾರುತ್ತದೆ, ಹಿಡಿದರೆ ಕೈ ಹೋಗುತ್ತದೆ. ಎಡ ಹೆಬ್ಬೆರಳಿಗೂ ಬಿಟ್ಟಿಗೂ ಮೂರು ಬೆರಳಿನ ಅಂತರ.

“ಅಪ್ಪಾ” ಎನ್ನುವುದು ಗಂಟಲಿಗೆ ಬಂದೇಬಿಟ್ಟಿತ್ತು. ತುಟಿ ಕಚ್ಚಿ ನುಂಗಿಕೊಂಡಳು. ಕೂಗಿದರೆ ಮತ್ತೆ ತಿರುಗುತ್ತಾನೆ. ಗೋಡೆ ಹಿಡಿದು ಎಡಬದಿಗೆ ಬಂದಳು, ಅವನ ಕಣ್ಣಂಚಿಗೆ ಬೀಳುವಂತೆ ಮೆಲ್ಲಗೆ. ಕುಕ್ಕರಿಸಿ ಮೇಜಿನಡಿ ನುಸುಳಿ, ಎರಡೂ ಅಂಗೈಯಿಂದ ಆ ಮೊಣಕಾಲಿನ ಹಲಗೆ ಒತ್ತಿದಳು.

ಸದ್ದು ಇಳಿಯತೊಡಗಿತು. “ಪೂರ್ತಿ ನಿಲ್ಲಲಿ. ಕೈ ಸಡಿಲಿಸಬೇಡ,” ಎಂದಳು, ಊಟಕ್ಕೆ ಕರೆಯುವಷ್ಟು ಸಾಧಾರಣ ದನಿಯಲ್ಲಿ. ಎಷ್ಟು ಹೊತ್ತು ತಿರುಗಿತೋ ಆ ಹಾಳು ಬಿಟ್! ನಿಂತಿತು.

ಹೊರಗೆ ಬಂದವಳಿಗೆ ಸಿಟ್ಟು ನೆತ್ತಿಗೇರಿತು. “ಮುಟ್ಟಲ್ಲ ಅಂದಿದ್ದೆ ತಾನೆ! ನಿಂಗೇನು ತಲೆ ಕೆಟ್ಟಿದೆಯಾ?” ಎನ್ನುವಷ್ಟರಲ್ಲಿ ಗಳಗಳ ಅತ್ತಳು.

ಅಪ್ಪ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಸ್ಟೂಲಿನ ಮೇಲೆ ಕುಸಿದು ಕೂತ.

“ಈ ಸಲ ಕೂಗಲಿಲ್ಲ ನೀನು,” ಎಂದ.

ಆ ದಿನದ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಅವಳು ಕಣ್ಣೊರೆಸಿಕೊಳ್ಳುವುದನ್ನೂ ಮರೆತಳು.

“ಆವತ್ತಿನ ತಪ್ಪು ನಿಂದಲ್ಲ ಕಣೇ. ಗರಗಸದ ಕವಚ ಅಡ್ಡ ಬರತ್ತೆ ಅಂತ ನಾನೇ ಬಿಚ್ಚಿಟ್ಟಿದ್ದೆ. ಮಗು ಕೂಗ್ತು ಅಂತ ಎಲ್ರೂ ಅಂದ್ರು, ನಾನು ಸುಮ್ಮನಿದ್ದೆ. ಹೇಳೋಕೆ ನಾಚಿಕೆಯಾಯ್ತು.”

ಇಪ್ಪತ್ತೆರಡು ವರ್ಷ! ಅವನನ್ನು ಹೊಡೆಯಬೇಕೋ ತಬ್ಬಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

ಅಪ್ಪ ಎದ್ದು ಪ್ಲಗ್ ಕಿತ್ತ. ಉಳಿ ತೆಗೆದುಕೊಂಡು, ಬೆಳಿಗ್ಗೆ ಸೀಮೆಸುಣ್ಣ ಅಳಿಸಿದ ಜಾಗಕ್ಕೆ ಬಾಗಿದ.

“ಬಲದಿಂದ ಎಡಕ್ಕೆ ತಾನೆ?” ಎಂದು ಕೇಳಿ, ಅವಳು ಹೂಂ ಎಂದ ಮೇಲೆ, ಎಡಗೈಯಿಂದ ಆಳವಾಗಿ ಬಾಣ ಕೆತ್ತತೊಡಗಿದ.