ಬೀಸಣಿಗೆ ಮುಚ್ಚಳದ ಸೀಸೆ

ನಮ್ಮಣ್ಣ ಆಕೆಯ ಜೊತೆ ಮೊಟ್ಟಮೊದಲು ಮಾತಾಡಿದ್ದು ಕತ್ತಲಲ್ಲಿ, ಅದೂ ಆಕೆ ಹೇಳಿದ್ದು ತಪ್ಪು ಎನ್ನುವುದಕ್ಕೆ.

ಹಳೆಯ ಚಿತ್ರಗಳನ್ನೇ ಹಾಕುವ ಒಂದು ಚಿತ್ರಮಂದಿರ ನಮ್ಮ ಅಂಗಡಿಯ ಹಿಂದಿನ ರಸ್ತೆಯಲ್ಲಿದೆ. ಭಾನುವಾರ ಮಧ್ಯಾಹ್ನವಾದರೆ ಅಣ್ಣ, ನಾನು ಇಬ್ಬರೂ ಅಲ್ಲಿ ಹಾಜರು. ಅವತ್ತು ತೆರೆಯ ಮೇಲೆ ನಾಯಕಿ ಕನ್ನಡಿಯ ಮುಂದೆ ಕೂತು ಗಳಗಳ ಅಳುತ್ತಿದ್ದಳು. ಅರ್ಧ ಚಿತ್ರಮಂದಿರವೇ ಮೂಗು ಒರೆಸಿಕೊಳ್ಳುತ್ತಿತ್ತು. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಮಾತ್ರ ನಾಯಕಿಯನ್ನು ಬಿಟ್ಟು ಅವಳ ಮೊಣಕೈ ಪಕ್ಕದ ಸುಗಂಧದ ಸೀಸೆಗೆ ಬೆರಳು ತೋರಿಸಿ, "ಶಾಲಿಮಾರ್" ಎಂದರು, ತಮ್ಮಷ್ಟಕ್ಕೆ.

"ಅಲ್ಲ, ಚಹಾ" ಅಂದ ಅಣ್ಣ, ಹಿಂದಿನಿಂದ.

ಆಕೆ ತಿರುಗಿದರು. "ಏನಂದ್ರಿ?"

"ಬಾಟಲಿ ಶಾಲಿಮಾರೇ. ನೀಲಿ ಮುಚ್ಚಳ, ಬೀಸಣಿಗೆ ಥರ ಬಿಚ್ಕೊಂಡಿದೆ, ಎಲ್ಲಾ ಸರಿ. ಒಳಗಿರೋದು ಚಹಾ. ನಾನೇ ತುಂಬಿದ್ದು."

"ಪಾಪ, ಅವಳ ಕಣ್ಣೀರೂ ನೀವೇ ತುಂಬಿದ್ದಾ?"

"ಅದು ಮೇಕಪ್ಪಿನವರ ಇಲಾಖೆ."

ಆಕೆ ನಕ್ಕ ನಗುವಿಗೆ ಟಾರ್ಚು ಹಿಡಿದು ಓಡಾಡುವ ಮುದುಕ ಬಂದು, "ಹೀರೋಯಿನ್ನು ಗಂಡನ್ನ ಕಳ್ಕೊಂಡಿದಾಳೆ, ನಿಮಗೆ ನಗುವಾ?" ಎಂದು ಮೂವರ ಮುಖಕ್ಕೂ ಬೆಳಕು ಬಿಟ್ಟ. ಹಾಗಾಗಿ ನಾವು ಒಬ್ಬರನ್ನೊಬ್ಬರು ನೋಡಿದ್ದು ಅವನ ಪುಣ್ಯದಿಂದ.

ಸಿನಿಮಾ ಶೂಟಿಂಗಿಗೆ ಸಾಮಾನು ಬಾಡಿಗೆಗೆ ಕೊಡುವುದು ನಮ್ಮ ಕಸುಬು. ಸಿಂಹಾಸನ ಬೇಕೇ, ಆಸ್ಪತ್ರೆಯ ಮಂಚ ಬೇಕೇ, ಠಾಣೆಯ ಮುರುಕು ಬೆಂಚು ಬೇಕೇ, ನಮ್ಮಲ್ಲಿಗೆ ಬರಬೇಕು. ಮದುವೆಯ ದೃಶ್ಯಗಳಿಗೆ ಸಾಮಾನು ಕಳಿಸಿ ಕಳಿಸಿ ಅಣ್ಣ ತನ್ನ ಮದುವೆಯನ್ನೇ ಮರೆತುಬಿಟ್ಟಿದ್ದ. ಐವತ್ತು ದಾಟಿದ ಮೇಲೆ ಅದನ್ನು ನೆನಪಿಸಿದರೆ, "ಹೋಗೇ, ನನ್ನ ಹತ್ರ ಇರೋ ಹಾರ ಎಲ್ಲಾ ಪ್ಲಾಸ್ಟಿಕ್ಕು" ಎಂದು ತೇಲಿಸಿಬಿಡುತ್ತಿದ್ದ.

ಸುಗಂಧದ ಸೀಸೆಗಳೆಂದರೆ ಅವನಿಗೆ ಪ್ರಾಣ. ಆದರೆ ಅಸಲಿ ಸುಗಂಧ ಶೂಟಿಂಗಿಗೆ ಹೋಗಕೂಡದು, ಅದು ಅಂಗಡಿಯ ಕಟ್ಟುನಿಟ್ಟು. ಮೇಜುಬಟ್ಟೆಯ ಮೇಲೆ ಚೆಲ್ಲಿದರೆ ಕಲೆ ಹೋಗದು, ನಾಯಕನಿಗೆ ಸೀನು ಬಂದರೆ ಪ್ರೇಮದ ದೃಶ್ಯ ಕೆಡುತ್ತದೆ, ಉಳಿದದ್ದನ್ನು ಲೈಟಿನವರು ಬಗಲಿಗೆ ಬಳಿದುಕೊಳ್ಳುತ್ತಾರೆ. ಆದ್ದರಿಂದ ಯಾವ ಸೀಸೆ ಬಂದರೂ ಮೊದಲು ಸಿಂಕಿಗೆ ಸುರಿ, ತೊಳೆ, ಸೋಸಿದ ಚಹಾ ತುಂಬು. ಬೂಸ್ಟು ಹಿಡಿಯದಿರಲಿ ಎಂದು ಒಂದು ಚಿಟಿಕೆ ಉಪ್ಪು. ಅಣ್ಣನ ಕೈ ಇದನ್ನು ಎಷ್ಟು ವರ್ಷದಿಂದ ಮಾಡುತ್ತಿದೆಯೆಂದರೆ, ಅವನ ತಲೆಯನ್ನು ಕೇಳುವ ಗೋಜಿಗೇ ಹೋಗುವುದಿಲ್ಲ.

ಆಕೆ ದೊಡ್ಡ ಅಂಗಡಿಯೊಂದರಲ್ಲಿ ಸುಗಂಧದ ಕೌಂಟರಿನವರು. ನಾನು ಅತ್ತರಮ್ಮ ಎಂದು ಹೆಸರಿಟ್ಟೆ, ಅದೇ ನಿಂತಿತು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಕೆಲಸಕ್ಕೆ ಹೋಗುವ ಮಗಳಿದ್ದಳು. ಮುಂದಿನ ಭಾನುವಾರದಿಂದ ನಮ್ಮ ಸಾಲಿನಲ್ಲೇ ಕೂತರು. ಆಟ ಶುರುವಾಯಿತು. ತೆರೆಯ ಮೇಲೆ ಸೀಸೆ ಕಂಡ ಕೂಡಲೇ ಹೆಸರು ಹೇಳಬೇಕು, ಸೋತವರು ಪಾಪ್‌ಕಾರ್ನ್ ಕೊಡಿಸಬೇಕು. "ನಂಬರ್ ಫೈವ್, ಚೌಕದ್ದು, ವಿಲನ್ನಿನ ಹೆಂಡತಿ ಹಿಂದೆ." "ಅದು ನಾನಾಗಲೇ ನೋಡಿದೆ." "ನೋಡಿದ್ರೆ ಬಾಯಿ ಬಿಡ್ಬೇಕಿತ್ತು." ಚಿತ್ರಮಂದಿರ ಸಾಲದಾಯಿತು. ಬಸ್ಸಿನ ಮೇಲಿನ ಜಾಹೀರಾತು, ಸಲೂನಿನ ಪೋಸ್ಟರು, ಹಾಡಿನ ವೀಡಿಯೋದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವ ಡ್ರೆಸ್ಸಿಂಗ್ ಟೇಬಲ್ಲು, ಯಾವುದನ್ನೂ ಇಬ್ಬರೂ ಬಿಡಲಿಲ್ಲ. ಕಥೆ ಏನಾಯಿತು ಎಂದು ನಾನೊಬ್ಬಳೇ ನೋಡಿಕೊಂಡು, ಹೊರಗೆ ಬಂದ ಮೇಲೆ ಇಬ್ಬರಿಗೂ ಹೇಳಬೇಕಾಗಿತ್ತು.

ಒಂದೇ ಒಂದು ತೊಡಕು. ವಾರ್ನಿಷು, ಟರ್ಪೆಂಟೈನುಗಳ ವಾಸನೆ ಕುಡಿದು ಕುಡಿದು ಅಣ್ಣನ ಮೂಗು ಯಾವತ್ತೋ ಕೈಕೊಟ್ಟಿತ್ತು. ಪಕ್ಕದಲ್ಲೇ ಹಾಲು ಸೀದರೂ ಅವನು ಪೇಪರು ಓದುತ್ತಿರುತ್ತಿದ್ದ. ಅತ್ತರಮ್ಮ ಕೌಂಟರಿನಲ್ಲಿ ಕಾಗದದ ಪಟ್ಟಿಗೆ ಸುಗಂಧ ಹಚ್ಚಿ ಕೊಟ್ಟರೆ, ಇವನು ಕಣ್ಣು ಮುಚ್ಚಿ ಮೂಸಿ "ಆಹಾ" ಎನ್ನುತ್ತಿದ್ದ.

"ಹೇಳಿಬಿಡೋ" ಅಂದೆ.

"ಸುಗಂಧ ಮಾರೋರ ಮುಂದೆ ಮೂಗಿಲ್ಲ ಅಂತಾನಾ? ಚಿನಿವಾರನ ಹತ್ರ ಹೋಗಿ ನಂಗೆ ಚಿನ್ನ ಕಾಣಲ್ಲ ಅಂದ ಹಾಗೆ."

ಹೀಗೇ ಒಂದು ವರ್ಷ ಕಳೆದ ಮೇಲೆ ಅಣ್ಣ ಒಂದು ನಿರ್ಧಾರಕ್ಕೆ ಬಂದ. ಹೊಸ ಶಾಲಿಮಾರನ್ನು, ಅದೇ ನೀಲಿ ಬೀಸಣಿಗೆ ಮುಚ್ಚಳದ್ದನ್ನು, ಬೇರೆ ಅಂಗಡಿಯಿಂದ ತಂದ. ಶನಿವಾರ ಸಂಜೆ ಅತ್ತರಮ್ಮನ ಕೌಂಟರಿಗೆ ಹೋಗಿ ಡಬ್ಬಿ ಕೈಗಿತ್ತು ಹೇಳಿದನಂತೆ: "ಇಷ್ಟು ದಿನ ನಿಮಗೆ ತೋರಿಸಿದ್ದೆಲ್ಲ ಚಹಾ. ಇದರಲ್ಲಿರೋದು ಅಸಲಿ. ನನ್ನ ಮಾತೂ ಅಸಲಿ. ನನ್ನ ಮದುವೆ ಆಗ್ತೀರಾ? ನಾಳೆ ಸಿನಿಮಾಕ್ಕೆ ಬಂದಾಗ ಹೇಳಿ."

ಭಾನುವಾರ ಅತ್ತರಮ್ಮ ಬರಲಿಲ್ಲ. ಅಣ್ಣ ಪಕ್ಕದ ಖಾಲಿ ಕುರ್ಚಿಯನ್ನು ನೋಡಿಕೊಂಡೇ ಇಡೀ ಸಿನಿಮಾ ಮುಗಿಸಿದ. ತೆರೆಯ ಮೇಲೆ ಸೀಸೆಗಳು ಬಂದವು, ಹೋದವು. ಮನೆಗೆ ಬಂದವನು ಊಟಕ್ಕೂ ಏಳಲಿಲ್ಲ.

ಸೋಮವಾರ ನಾನೇ ಹೋದೆ. ನನಗೆ ಶುಕ್ರವಾರದಿಂದಲೂ ಕೆಟ್ಟ ನೆಗಡಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಕೌಂಟರಿನ ಮುಂದೆ ನಿಂತೆ. ಅತ್ತರಮ್ಮ ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

"ನಿಮ್ಮ ಅಂಗಡಿ ಸಾಮಾನು. ತಗೊಂಡು ಹೋಗಿ."

"ಯಾಕ್ರೀ, ಏನಾಯ್ತು?"

"ಮೂಸಿ ನೋಡಿ."

"ನೆಗಡಿ."

"ಹಾಗಾದ್ರೆ ನಾಲಿಗೆಗೆ ಹಚ್ಕೊಳ್ಳಿ. ಏನೂ ಆಗಲ್ಲ, ಆರೋಗ್ಯಕ್ಕೆ ಒಳ್ಳೇದೇ."

ಒಂದು ಹನಿ ಹಚ್ಚಿಕೊಂಡೆ. ಚಹಾ. ಹಿಂದೆಯೇ ಉಪ್ಪು.

"ಜೊತೆ ಕೆಲಸ ಮಾಡೋರನ್ನೆಲ್ಲ ಕರೆದು, ನೋಡ್ರೇ ಅಂತ ಮಣಿಕಟ್ಟಿಗೆ ಹಚ್ಕೊಂಡೆ" ಎಂದರು ಅತ್ತರಮ್ಮ. ಧ್ವನಿ ಏರಿಸಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ನನ್ನ ಮಾತೂ ಅಸಲಿ ಅಂದ್ರು ನಿಮ್ಮಣ್ಣ. ತಮಾಷೆ ಅಂದ್ಕೊಳ್ಳೋಣ ಅಂದ್ರೆ, ಈ ವಯಸ್ಸಲ್ಲಿ ಇಂಥ ತಮಾಷೆನ ಯಾರು ತಡ್ಕೋತಾರೆ ಹೇಳಿ."

ಅಂಗಡಿಗೆ ಬಂದು ಅಣ್ಣನಿಗೆ ಚೆನ್ನಾಗಿ ಉಗಿದೆ. ಅವನು ಪೆಚ್ಚಾಗಿ ನಿಂತ. "ಅಸಲಿನೇ ಕಣೇ. ಕೊಂಡು ತಂದಿದ್ದು ನಾನು, ಕೊಟ್ಟಿದ್ದು ನಾನು. ನಡುವೆ ಯಾರೂ ಮುಟ್ಟಿಲ್ಲ."

"ಅಂಗಡಿಯವನು ಉಪ್ಪು ಹಾಕಿ ಮಾರ್ತಾನಾ?"

ಅವನು ಡಬ್ಬಿ ಬಿಚ್ಚಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ.

ಮಾರನೆಯ ದಿನ ಬೆಳಿಗ್ಗೆ ನನ್ನ ಮೂಗು ಬಿಟ್ಟಿತು. ಅಂಗಡಿಯ ಬೀಗ ತೆಗೆದು ಒಳಗೆ ಕಾಲಿಟ್ಟರೆ, ಮರದ ಪುಡಿ, ಅಂಟು, ಹಳೆಯ ರಗ್ಗು ಎಲ್ಲದರ ಮೇಲೆ ಬೇರೇನೋ ಒಂದು ಬೆಚ್ಚಗೆ ಕೂತಿತ್ತು. ಮೂಸುತ್ತ ಮೂಸುತ್ತ ಬೆಕ್ಕಿನ ಹಾಗೆ ಹೋದೆ. ಸಿಂಕು. ತುಕ್ಕು ಹಿಡಿದ, ಬಣ್ಣದ ಕುಂಚ ತೊಳೆಯುವ ನಮ್ಮ ದರಿದ್ರ ಸಿಂಕು ಮಹಾರಾಣಿಯ ಹಾಗೆ ಘಮಘಮಿಸುತ್ತಿತ್ತು.

ಶನಿವಾರ ಅಣ್ಣನ ಮೇಜಿನ ಮೇಲೆ ಏನಿತ್ತು ಎಂದು ಆಗ ನೆನಪಾಯಿತು. ಶ್ರೀಮಂತರ ಮನೆಯ ದೃಶ್ಯಕ್ಕೆ ಒಂದು ಸಾಲು ಸೀಸೆ ಕೇಳಿದ್ದರು. ಇವನು ಅವುಗಳ ಪಕ್ಕದಲ್ಲೇ ತನ್ನ ಹೊಸದನ್ನೂ ಇಟ್ಟುಕೊಂಡು, ಸಂಜೆ ಹೇಳಬೇಕಾದ ಮಾತನ್ನು ಗೊಣಗಿಕೊಳ್ಳುತ್ತಿದ್ದ. ಬಾಯಿ "ನನ್ನ ಮಾತೂ ಅಸಲಿ" ಎನ್ನುತ್ತಿತ್ತು, ಕೈ ಒಂದೊಂದೇ ಸೀಸೆಯ ಹಳೇ ಚಹಾ ಸುರಿದು, ತೊಳೆದು, ಹೊಸ ಚಹಾ ತುಂಬುತ್ತಿತ್ತು. ಹೊಸದಕ್ಕೂ ಅದೇ ಗತಿ. ಬೇರೆ ಯಾರಿಗಾದರೂ ಮುಚ್ಚಳ ತೆಗೆದ ಕೂಡಲೇ ಗೊತ್ತಾಗುತ್ತಿತ್ತು.

ಬಾಗಿಲು ಎಳೆದುಕೊಂಡು ನೇರ ಅತ್ತರಮ್ಮನ ಬಳಿ ಓಡಿದೆ.

"ಒಂದು ಸಲ ನಮ್ಮ ಅಂಗಡಿಗೆ ಬನ್ನಿ. ಸಿಂಕ್ ಮೂಸ್ಬೇಕು."

"ಏನು ಮೂಸ್ಬೇಕು?"

"ಸಿಂಕು. ಆಮೇಲೆ ನಮ್ಮನ್ನ ಬೈದು ಹೋಗಿ, ನಾನೂ ದನಿಗೂಡಿಸ್ತೀನಿ."

ಊಟದ ಬಿಡುವಿನಲ್ಲಿ ಬಂದರು, ನನ್ನ ಉಪದ್ರವ ತಾಳಲಾರದೆ. ಬಾಗಿಲಲ್ಲೇ ಅವರ ಹೆಜ್ಜೆ ನಿಧಾನವಾಯಿತು. ಸಿಂಕಿನ ಮೇಲೆ ಬಗ್ಗಿ ಕಣ್ಣು ಮುಚ್ಚಿದರು.

"ಮೊದಲು ನಿಂಬೆ ಥರ ಬರುತ್ತೆ, ಅದು ಹಾರಿಹೋಗಿದೆ" ಎಂದರು ಮೆಲ್ಲಗೆ. "ವೆನಿಲಾ ಮಾತ್ರ ಉಳ್ಕೊಂಡಿದೆ. ಇದು ಅದೇ. ಯಾರು ಸುರಿದಿದ್ದು?"

ಅಣ್ಣ ಒಳಗಿನಿಂದ ಬಂದ. ಸಿಂಹಾಸನಕ್ಕೆ ಹೊಂಬಣ್ಣ ಬಳಿಯುತ್ತಿದ್ದ ಕುಂಚ ಕೈಯಲ್ಲೇ ಇತ್ತು. ಸಿಂಕನ್ನು ನೋಡಿದ, ಆಕೆಯನ್ನು ನೋಡಿದ, ತನ್ನ ಕೈಯನ್ನು ನೋಡಿಕೊಂಡ. ಅವನಿಗೆ ಅರ್ಥವಾಗುತ್ತಾ ಬಂದದ್ದು ಮುಖದ ಮೇಲೇ ಕಾಣುತ್ತಿತ್ತು.

"ನಾನೇ" ಎಂದ. "ವಾಸನೆ ಬರ್ತಿದೆಯಾ?"

"ಬರ್ತಿದೆಯಾ ಅಂತ ಕೇಳ್ತೀರಾ? ನಾಲ್ಕನೇ ಮನೆಗೆ ಬರುತ್ತೆ."

"ನನಗೆ ಬರಲ್ಲ. ಯಾವುದೂ ಬರಲ್ಲ. ಮೂಗು ಹೋಗಿ ಬಹಳ ವರ್ಷ ಆಯ್ತು."

ಅತ್ತರಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ಹಾಗಾದ್ರೆ ನನ್ನ ಕೌಂಟರಲ್ಲಿ ನಿಂತು ಮೂಸಿ ಮೂಸಿ ಆಹಾ ಅಂದಿದ್ದೆಲ್ಲ?"

"ನಿಮ್ಮನ್ನ ನೋಡಿ ಅಂದಿದ್ದು. ನಿಮಗೆ ಇಷ್ಟ ಆಗಿರೋದಾದ್ರೆ, ಕಾಗದ ನನಗೆ ಕೊಡೋ ಮುಂಚೆ ನೀವೇ ಇನ್ನೊಂದ್ಸಲ ಮೂಸ್ತೀರಿ. ಇಷ್ಟ ಇಲ್ದಿದ್ರೆ ಸುಮ್ನೆ ಕೈಗಿಡ್ತೀರಿ. ಹಾಗೆ ಕೈಗಿಟ್ಟಾಗ ನಾನು ಯಾವತ್ತೂ ಆಹಾ ಅಂದಿಲ್ಲ."

ಆಕೆ ಯೋಚಿಸಿದರು. "ಹೌದಾ? ನಂಗೇ ಗೊತ್ತಿರಲಿಲ್ಲ."

ಕೂರಲು ಸಿಂಹಾಸನದ ಕಡೆ ಹೊರಟರು. "ಅಲ್ಲಿ ಬೇಡ, ಹಸಿ ಇದೆ" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಆಸ್ಪತ್ರೆಯ ಮಂಚದ ಮೇಲೆ ಕೂತರು. ಕೂತ ಮೇಲೆ ನಗು ಶುರುವಾಯಿತು. ಮೊದಲು ಭುಜ ಮಾತ್ರ ಅಲುಗಿತು, ಆಮೇಲೆ ಮಂಚವೇ ಕಿರುಗುಟ್ಟಿತು.

"ಅಲ್ಲಾರೀ, ಶಾಲಿಮಾರ್‌ನ ಚರಂಡಿಗೆ ಬಿಟ್ಟಿದೀರಲ್ಲ. ನಮ್ಮ ಕೌಂಟರಲ್ಲಿ ಒಂದು ಹನಿ ಚೆಲ್ಲಿದ್ರೆ ಒಂದು ವಾರ ಬೈತಾರೆ."

"ಇನ್ನೊಂದು ತರ್ತೀನಿ" ಎಂದ ಅಣ್ಣ.

"ಏನೂ ತರಬೇಡಿ. ಮೊನ್ನೆ ಹೇಳಿದ್ದನ್ನ ಇನ್ನೊಂದ್ಸಲ ಹೇಳಿ. ಕೈಯಲ್ಲಿ ಏನೂ ಹಿಡ್ಕೊಳ್ಳದೆ."

ಅಣ್ಣ ಕುಂಚವನ್ನು ಕೆಳಗಿಟ್ಟ. ನಾನು ಮುಖ ಆಚೆ ತಿರುಗಿಸಿದೆ, ಕಿವಿ ತಿರುಗಿಸಲಿಲ್ಲ. ಶನಿವಾರವೆಲ್ಲ ಗೊಣಗಿಕೊಂಡಿದ್ದ ಮಾತು ಒಂದೂ ಬರಲಿಲ್ಲ. "ಭಾನುವಾರ ನೀವು ಬರಲಿಲ್ಲ. ನನಗೆ ಸಿನಿಮಾ ಅರ್ಥ ಆಗಲಿಲ್ಲ. ಮದುವೆ ಆಗೋಣ" ಅಂದ, ಅಷ್ಟೇ.

"ನನಗೆ ಮಗಳಿದಾಳೆ" ಎಂದರು ಅತ್ತರಮ್ಮ. "ಅವಳನ್ನ ಕೇಳ್ಬೇಕು ಅಂತಲ್ಲ. ಹೇಳ್ಬೇಕು. ಸ್ವಲ್ಪ ದಿನ ಮುಖ ಊದಿಸ್ಕೋತಾಳೆ. ಆಮೇಲೆ ಸರಿಹೋಗ್ತಾಳೆ, ನನ್ನ ಹೊಟ್ಟೇಲಿ ಹುಟ್ಟಿದೋಳು. ಸಂಜೆ ನನ್ನ ಕೆಲಸ ಮುಗಿಯೋ ಹೊತ್ತಿಗೆ ಬನ್ನಿ, ಒಟ್ಟಿಗೇ ಹೋಗಿ ಹೇಳೋಣ. ಮೂಗಿನ ವಿಷಯಾನೂ ಅಲ್ಲೇ ಹೇಳಿಬಿಡಿ. ಇನ್ನು ಮುಚ್ಚಿಡೋದು ಬೇಡ."

ಸಂಜೆ ಅಣ್ಣ ಮೂರು ಅಂಗಿ ಬದಲಿಸಿ, ಕೊನೆಗೆ ಮೊದಲನೆಯದನ್ನೇ ಹಾಕಿಕೊಂಡು ಹೊರಟ. ಕಿವಿಯ ಹಿಂದೆ ಹೊಂಬಣ್ಣ ಅಂಟಿತ್ತು, ನಾನು ಹೇಳಲಿಲ್ಲ. ಆಕೆಯೇ ಒರೆಸಲಿ.

ಅವನು ಹೋಗಿ ಸ್ವಲ್ಪ ಹೊತ್ತಿಗೆ ಸ್ಟುಡಿಯೋದಿಂದ ಫೋನು ಬಂತು. ಜೈಲಿನ ದೃಶ್ಯಕ್ಕೆ ಕಬ್ಬಿಣದ ಬಾಗಿಲು ಬೇಕಂತೆ, ಯಜಮಾನರ ಜೊತೆಯೇ ಮಾತಾಡಬೇಕಂತೆ.

"ಅವರಿಲ್ಲ, ಹೊರಗೆ ಹೋಗಿದಾರೆ."

"ಯಾವಾಗ ಬರ್ತಾರೆ?"

"ಹೇಳೋಕಾಗಲ್ಲಪ್ಪ" ಅಂದೆ. "ಇವತ್ತು ಅವರ ಸ್ವಂತ ಕೆಲಸದ ಮೇಲೆ ಹೋಗಿದಾರೆ. ನಾಳೆ ಮಾಡು."