ಚಂದ್ರಾಮಪ್ಪನವರ ಕೊರಳಿನ ಬೆಳ್ಳಿ ನಳಿಕೆ

ನಾನು ಒಂದು ಬೆಳ್ಳಿ ನಳಿಕೆ. ಕಿರುಬೆರಳಿಗಿಂತ ಸಣ್ಣವನು, ಮೈ ಸ್ವಲ್ಪ ಬಾಗಿದವನು. ಕೊರಳಿನಲ್ಲಿ ಇರುವವನು ಎಂದ ಕೂಡಲೇ ಸರವೋ ತಾಯತವೋ ಎಂದುಕೊಳ್ಳಬೇಡಿ. ನನ್ನ ಜಾಗ ಕೊರಳಿನ ಮೇಲಲ್ಲ, ಒಳಗೆ. ಗಂಟಲಿನ ದಾರಿ ಕಟ್ಟಿಹೋದವರಿಗೆ ಡಾಕ್ಟರು ಕುತ್ತಿಗೆಯ ಮುಂದೆ ಒಂದು ತೂತು ಮಾಡಿ ನಮ್ಮಂಥವರನ್ನು ಕೂರಿಸುತ್ತಾರೆ. ಆಮೇಲೆ ಅವರ ಉಸಿರಾಟವೆಲ್ಲ ನಮ್ಮ ಮೂಲಕವೇ ನಡೆಯಬೇಕು.

ನಾನು ಹುಟ್ಟಿದ್ದು ಒಂದು ಚಿಕ್ಕ ಕಾರ್ಖಾನೆಯಲ್ಲಿ. ತಗಡು ಸುತ್ತಿದರು, ಬೆಸೆದರು, ಒಳಗೂ ಹೊರಗೂ ಕನ್ನಡಿಯಾಗುವ ತನಕ ಉಜ್ಜಿದರು. ನಾವು ಜೋಡಿಯಾಗಿ ಹುಟ್ಟುವವರು. ದಪ್ಪ ಅಣ್ಣ ಕುತ್ತಿಗೆ ಬಿಟ್ಟು ಕದಲುವುದಿಲ್ಲ. ತಮ್ಮನಾದ ನಾನು ಅವನ ಹೊಟ್ಟೆಯೊಳಗೆ ಜಾರಿ ಕೂರುತ್ತೇನೆ. ಕಫ ಕಟ್ಟಿದಾಗ ನನ್ನನ್ನು ಹೊರಗೆಳೆದು ತೊಳೆದು ಮತ್ತೆ ಹಾಕಬೇಕು. ಮನೆಯವರ ಕೈಗೆ ಸಿಗುವವನು ನಾನೇ.

ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಬಂದು ನನ್ನನ್ನು ಆರಿಸಿದವಳು ಮಹಾನಂದಾ. ಬಾಗಲಕೋಟೆಯವಳು. ಅವಳ ಗಂಡ ಚಂದ್ರಾಮಪ್ಪ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಗಂಟಲಿನ ಗಡ್ಡೆ ತೆಗೆದ ಮೇಲೆ ಅವರ ಉಸಿರಿನ ದಾರಿ ಕಿರಿದಾಗಿಬಿಟ್ಟಿತ್ತು.

"ಪ್ಲಾಸ್ಟಿಕ್ ಐತಿ, ಸ್ಟೀಲ್ ಐತಿ, ಬೆಳ್ಳೀದೂ ಐತಿ. ಯಾವುದು ಕೊಡಲ್ರಿ?" ಎಂದ ಅಂಗಡಿಯವನು.

"ಬೆಳ್ಳೀದ ಕೊಡ್ರಿ. ದೇವರ ಸಾಮಾನಿಗೆ ಬೆಳ್ಳಿ ಬೇಕು, ನಮ್ಮ ಮನಿಯವರ ಉಸಿರಿಗೆ ಪ್ಲಾಸ್ಟಿಕ್ ಏನ್ರಿ?"

"ಚಲೋ ಮಾಡಿದ್ರಿ. ಬೆಳ್ಳಿಗೆ ಹೊಲಸು ಹತ್ತಂಗಿಲ್ಲ ಬಿಡ್ರಿ."

ಆ ಮಾತು ಕೇಳಿ ನಾನು ಎಷ್ಟು ಉಬ್ಬಿದೆ ಎಂದರೆ, ಪಕ್ಕದಲ್ಲಿದ್ದ ಪ್ಲಾಸ್ಟಿಕ್ ನಳಿಕೆಗಳನ್ನು ಕಂಡು ಮೂಗು ಮುರಿದೆ. ನನಗೆ ಮೂಗಿಲ್ಲ, ಆದರೂ ಮುರಿದೆ.

ಚಂದ್ರಾಮಪ್ಪನವರು ನನ್ನ ಬಾಯಿಗೆ ಬೆರಳಿಟ್ಟು ಮುಚ್ಚಿದರೆ ಗಾಳಿ ಮೇಲೆ ಹೋಗಿ ಮಾತು ಹೊರಡುತ್ತಿತ್ತು. ತಿಂಗಳುಗಟ್ಟಲೆ ಮೂಕರಾಗಿದ್ದವರು ಮೊದಲು ಆಡಿದ ಮಾತು "ಚಾ ತಾ". ಮಹಾನಂದಾ ನಗುತ್ತಾ ಅಳುತ್ತಾ ಒಲೆಯ ಹತ್ತಿರ ಓಡಿದಳು.

ಆಸ್ಪತ್ರೆಯಿಂದ ಹೊರಡುವಾಗ ನರ್ಸ್ ಸುವಾರ್ತಾ ಸಿಸ್ಟರ್ ಎಲ್ಲವನ್ನೂ ತೋರಿಸಿಕೊಟ್ಟಿದ್ದರು. ಮೆತ್ತನೆಯ ಬ್ರಷ್ಷು, ಸೋಪಿನ ನೀರು, ಕಾಯಿಸಿ ಆರಿಸಿದ ನೀರು, ಆಮೇಲೆ ಚೆನ್ನಾಗಿ ಒಣಗಿಸುವುದು. ದಿನಕ್ಕೆ ಎರಡು ಸಲ. ಮಹಾನಂದಾ ತಲೆಯಾಡಿಸಿದಳು. ಆದರೆ ಮನೆಗೆ ಬಂದ ಮೇಲೆ ಅವಳ ಕಣ್ಣಿಗೆ ನಾನು ಕಂಡದ್ದು ಬೆಳ್ಳಿಯಾಗಿ. ಬೆಳ್ಳಿಯನ್ನು ಬೆಳಗುವುದನ್ನು ಅವಳಿಗೆ ಯಾರು ಹೇಳಿಕೊಡಬೇಕು? ದಿನಾ ಸ್ನಾನ ಮಾಡಿ ಬಂದು ವಿಭೂತಿ ಹಚ್ಚಿ ನನ್ನ ಮೈ ತಿಕ್ಕುವಳು. ಒಳಗೆ ಒಣಗಿ ಅಂಟಿದ ಕಫವನ್ನು ತಲೆಯ ಪಿನ್ನು ಬಿಚ್ಚಿ ಕೆರೆಯುವಳು. ಕೊನೆಗೆ ಸೆರಗಿನಲ್ಲಿ ಒರೆಸಿ ಕಿಟಕಿಯ ಬೆಳಕಿಗೆ ಹಿಡಿಯುವಳು.

"ನೋಡ್ರಿ, ಹೆಂಗ ಹೊಳಿತೈತಿ!" ಎಂದು ನೆರೆಮನೆಯವರನ್ನು ಕರೆದು ತೋರಿಸುವಳು. ನಾನೂ ಹೊಳೆದೆ. ಹೊಗಳಿಕೆ ಯಾರಿಗೆ ಬೇಡ ಹೇಳಿ?

ಆದರೆ ಆ ಪಿನ್ನಿನ ಗೀರುಗಳು ನನ್ನ ಒಳಮೈಯಲ್ಲಿ ಉಳಿದವು. ಒಂದು ದಿನ ಅವುಗಳೊಳಗೆ ಯಾರೋ ಬಂದು ಕುಳಿತರು. ಕಣ್ಣಿಗೆ ಕಾಣದಷ್ಟು ಚಿಕ್ಕವರು. ಮೊದಲು ಬಂದವರು ಗೀರಿಗೆ ಗಟ್ಟಿಯಾಗಿ ಅಂಟಿಕೊಂಡು ಲೋಳೆ ಸುರಿಸಿದರು. ಆ ಲೋಳೆಯಡಿ ಮಕ್ಕಳು ಮರಿ ಹುಟ್ಟಿ, ಅವರೂ ಲೋಳೆ ಸುರಿಸಿ, ನೋಡನೋಡುತ್ತಿದ್ದಂತೆ ನನ್ನೊಳಗೆ ಒಂದು ಕೇರಿಯೇ ಎದ್ದಿತು. ವಿಭೂತಿ ಅವರನ್ನು ಮುಟ್ಟಲಿಲ್ಲ. ಬರಿ ನೀರು ಮೇಲೆ ಹರಿದುಹೋಯಿತು. ಹೊಲಸು ಹತ್ತುವುದಿಲ್ಲ ಎಂದು ಮೆರೆದವನ ಹೊಟ್ಟೆಯಲ್ಲಿ ಇಷ್ಟು ಹೊಲಸು! ನಾಚಿಕೆಯಾಯಿತು. ಕೂಗಿ ಹೇಳೋಣವೆಂದರೆ ನನ್ನ ಬಾಯಿಂದ ಬರುವುದು ಚಂದ್ರಾಮಪ್ಪನವರ ಉಸಿರು ಮಾತ್ರ.

ಆ ಉಸಿರಿನ ಜೊತೆ ಕೇರಿಯ ತುಂಡುಗಳು ಕಿತ್ತುಬಂದು ಅವರ ಎದೆಗೆ ಇಳಿದವು. ಜ್ವರ ಬಂತು. ಔಷಧಿ ಕೊಟ್ಟರು, ಇಳಿಯಿತು. ಎರಡು ತಿಂಗಳಿಗೆ ಮತ್ತೆ ಬಂತು. ಎದೆಯಲ್ಲಿದ್ದವರು ಔಷಧಿಗೆ ಸಾಯುತ್ತಿದ್ದರು. ನನ್ನ ಲೋಳೆಯಡಿ ಅಡಗಿದವರಿಗೆ ಮಾತ್ರ ಅದರ ಬಿಸಿಯೇ ತಟ್ಟಲಿಲ್ಲ. ಮೂರನೆಯ ಸಲ ಜ್ವರ ಬಂದಾಗ ಚಂದ್ರಾಮಪ್ಪನವರನ್ನು ಸ್ಟ್ರೆಚರಿನ ಮೇಲೆ ಮಲಗಿಸಿಕೊಂಡೇ ಆಸ್ಪತ್ರೆಯೊಳಗೆ ತಂದರು.

ನಾಲ್ಕು ದಿನದ ಮೇಲೆ ಜ್ವರ ಇಳಿಯಿತು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಈ ಸಲ ಉಳದಾರ. ಇನ್ನೊಮ್ಮೆ ನ್ಯುಮೋನಿಯಾ ಆದ್ರ ಎದಿ ತಡಿಯಂಗಿಲ್ಲ, ಅಮ್ಮಾ."

ಮಹಾನಂದಾ ಗೋಡೆಗೆ ಒರಗಿದಳು. "ನಾ ಏನ ಕಡಿಮಿ ಮಾಡೇನ್ರಿ? ದಿನಾ ತಿಕ್ಕತೇನಿ. ನೋಡ್ರಿ ಬೇಕಾರ!"

ಸುವಾರ್ತಾ ಸಿಸ್ಟರ್ ನನ್ನನ್ನು ಬೆಳಕಿಗೆ ಹಿಡಿದರು. ಅವತ್ತೂ ನಾನು ಹಾಳಾದವನು ಹೊಳೆಯುತ್ತಲೇ ಇದ್ದೆ! ಅವರು ಬ್ರಷ್ಷು ಹಾಕಿ ಸೋಪಿನ ನೀರಿನಲ್ಲಿ ತೊಳೆದರು. ಆಮೇಲೆ ಹತ್ತಿಯ ಬತ್ತಿಯೊಂದನ್ನು ದಾರಕ್ಕೆ ಕಟ್ಟಿ ನನ್ನೊಳಗಿಂದ ಎಳೆದರು. ಬತ್ತಿ ಸಲೀಸಾಗಿ ಹೊರಬಂತು. "ಸ್ವಚ್ಛ ಆಗೇತಿ ಅನಸ್ತೈತಿ" ಎಂದು ನನ್ನನ್ನು ತಟ್ಟೆಯಲ್ಲಿ ಇಡಲು ಹೋದರು.

ನನ್ನ ಜೀವವೇ ಹಾರಿಹೋಯಿತು. ಇವರು ನನ್ನನ್ನು ಮತ್ತೆ ಆ ಕೊರಳಿಗೆ ಹಾಕುತ್ತಾರೆ. ಎಷ್ಟು ತೊಳೆದರೂ ಆ ಗೀರುಗಳಲ್ಲಿ ನಾಲ್ವರು ಉಳಿದೇ ಉಳಿಯುತ್ತಾರೆ, ನಾಲ್ವರಿಂದ ಮತ್ತೆ ಕೇರಿ ಏಳುತ್ತದೆ. ಬೇಡ, ನಾನು ಹೋಗಬಾರದು. ಮೋರಿಗೆ ಬಿದ್ದರೂ ಸರಿ, ಮಣ್ಣಾದರೂ ಸರಿ, ಆ ಮನುಷ್ಯನ ಕೊರಳಿಗೆ ಮಾತ್ರ ನಾನು ಮತ್ತೆ ಹೋಗುವುದಿಲ್ಲ ಎಂದು ಹಟ ಹಿಡಿದೆ.

ಸಿಸ್ಟರಿಗೆ ಏನನ್ನಿಸಿತೋ, ಇನ್ನೊಂದು ಬತ್ತಿಯನ್ನು ಎತ್ತಿಕೊಂಡು ಈ ಸಲ ತಿರುಗಿಸುತ್ತಾ ನಿಧಾನವಾಗಿ ಎಳೆದರು. ನಾನು ನನ್ನ ಎಲ್ಲ ಗೀರುಗಳನ್ನು ಹಲ್ಲು ಮಾಡಿ ಆ ಹತ್ತಿಯನ್ನು ಕಚ್ಚಿ ಹಿಡಿದೆ. ಬತ್ತಿ ನಿಂತಿತು. ಅವರು ಜಗ್ಗಿದರು. ನಾನು ಬಿಡಲಿಲ್ಲ. ಕೊನೆಗೆ ಬತ್ತಿ ಹರಿದು ಬಂತು, ಎಳೆಗಳು ನನ್ನಲ್ಲೇ ಉಳಿದವು.

"ಒಳಗ ಗೀರು ಬಿದ್ದಾವು. ಏನ ಹಾಕಿ ತಿಕ್ಕತಿದ್ರಿ ಅಮ್ಮಾ?"

ಮಹಾನಂದಾಳ ಕೈ ತಾನಾಗಿಯೇ ತಲೆಯ ಪಿನ್ನಿನ ಮೇಲೆ ಹೋಯಿತು.

ಸಿಸ್ಟರ್ ಬೈಯಲಿಲ್ಲ. "ಇದನ್ನ ಇನ್ನ ಹಾಕೂದು ಬ್ಯಾಡ" ಎಂದರು ಅಷ್ಟೇ.

"ಬೆಳ್ಳೀದ್ರಿ ಅದು..." ಎಂದವಳು ಗಂಡನ ಎದೆ ಏರಿ ಇಳಿಯುವುದನ್ನು ಸ್ವಲ್ಪ ಹೊತ್ತು ನೋಡಿದಳು. ಕಣ್ಣೊರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ಒಗೀರಿ ಅದನ್ನ. ಪ್ಲಾಸ್ಟಿಕ್ಕಿಂದ ಕೊಡ್ರಿ. ತೊಳಿಯೂದು ಮೊದಲಿಂದ ಹೇಳ್ರಿ, ನಾ ನಿಮ್ಮ ಮುಂದ ಹತ್ತ ಸಲ ಮಾಡಿ ತೋರಸ್ತೀನಿ."

ಹತ್ತು ಸಲವೂ ಮಾಡಿದಳು. ನನ್ನ ಅಣ್ಣನನ್ನೂ ತೆಗೆದರು; ನಾನು ಮೂಗು ಮುರಿದಿದ್ದಂಥ ಪ್ಲಾಸ್ಟಿಕ್ಕಿನ ಜೋಡಿ ಚಂದ್ರಾಮಪ್ಪನವರ ಕೊರಳು ಸೇರಿತು, ಸರದಿಗೆಂದು ಇನ್ನೊಬ್ಬ ತಮ್ಮನನ್ನೂ ಜೊತೆಗಿಟ್ಟುಕೊಂಡು. ಒಬ್ಬ ತಮ್ಮ ಒಳಗಿದ್ದರೆ ಇನ್ನೊಬ್ಬ ತೊಳೆಸಿಕೊಂಡು ಒಣಗುತ್ತಾನೆ. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ನನ್ನನ್ನು ಸುವಾರ್ತಾ ಸಿಸ್ಟರ್ ಕುದಿಸಿ, ತಮ್ಮ ಮೇಜಿನ ಮೇಲೆ ಬಟ್ಟಲಿನಲ್ಲಿ ಇಟ್ಟುಕೊಂಡರು. ಮನೆಗೆ ಹೊರಡುವವರ ಕೈಗೆ ನನ್ನನ್ನು ಕೊಟ್ಟು ಒಂದು ಬತ್ತಿ ಎಳೆಸುತ್ತಾರೆ. ನಾನು ಮುದುಕ, ಕಪ್ಪಾಗಿದ್ದೇನೆ, ಇಲ್ಲಿ ಯಾರೂ ಬೆಳಗುವುದಿಲ್ಲ. ಆದರೆ ಹಿಡಿತ ಸಡಿಲಿಸಿಲ್ಲ.

ಮೊನ್ನೆ ಕಲಾದಗಿಯಿಂದ ಒಬ್ಬ ಮಗಳು ಬಂದಿದ್ದಳು. ಅಪ್ಪನಿಗೆ ಸ್ಟೀಲಿನ ನಳಿಕೆ. "ನಾ ದಿನಾ ದಬ್ಬಣ ಹಾಕಿ ಕೆರೀತೀನ್ರಿ, ಒಂದ ಚೂರೂ ಬಿಡಂಗಿಲ್ಲ" ಎಂದು ಹೆಮ್ಮೆಯಿಂದ ಚೀಲದೊಳಗಿನ ದಬ್ಬಣವನ್ನೂ ತೆಗೆದು ತೋರಿಸಿದಳು. ಸಿಸ್ಟರ್ ನನ್ನ ಕಡೆ ಕೈ ಚಾಚುವಷ್ಟರಲ್ಲಿ, ಗಂಡನ ತಪಾಸಣೆಗೆಂದು ಬಂದಿದ್ದ ಮಹಾನಂದಾ ನನ್ನನ್ನು ಎತ್ತಿಕೊಂಡಳು. ಒಂದು ವರ್ಷದ ಮೇಲೆ ಅವಳ ಕೈ! ಬತ್ತಿ ಎಳೆದಳು. ನಾನು ಹಿಡಿದೆ.

"ಯವ್ವಾ, ಒಳಗ ಎಷ್ಟ ಗೀರು! ಯಾರ ಹಾಕಿದ್ರು ಇವನ್ನ?" ಎಂದಳು ಹುಡುಗಿ.

"ನಾನ" ಎಂದಳು ಮಹಾನಂದಾ. ತಲೆ ತಗ್ಗಿಸಲಿಲ್ಲ. "ದಿನಾ ತಿಕ್ಕಿ ತಿಕ್ಕಿ, ಜೀವಕ್ಕಿಂತ ಹೆಚ್ಚು ಪ್ರೀತಿ ಮಾಡಿ, ನಮ್ಮ ಮನಿಯವರನ್ನ ನಾನ ಕೊಲ್ಲಾಕ ಹತ್ತಿದ್ದೆ. ನನಗ ಗೊತ್ತಿದ್ದಿಲ್ಲ. ನಿನಗ ಈಗ ಗೊತ್ತಾತಲ್ಲ?"

ಹೊರಗಿನ ಬೆಂಚಿನಿಂದ ಚಂದ್ರಾಮಪ್ಪನವರು ಕೊರಳಿಗೆ ಬೆರಳಿಟ್ಟು ಗದರಿದರು: "ಲೇ, ಲಗೂ ಬಾ, ಹಸಿವಾಗೇತಿ!"

ಹುಡುಗಿ ಆ ಧ್ವನಿ ಬಂದ ಕಡೆ ನೋಡಿದಳು, ಮಹಾನಂದಾಳ ಮುಖ ನೋಡಿದಳು. ದಬ್ಬಣವನ್ನು ಸಿಸ್ಟರಿನ ಮೇಜಿನ ಮೇಲಿಟ್ಟು, ಅಲ್ಲಿದ್ದ ಮೆತ್ತನೆಯ ಬ್ರಷ್ಷಿಗೆ ಕೈ ಚಾಚಿದಳು.